ಗೆದ್ದ ಮೇಲೆ ಸತ್ತವರು: ಶ್ರೀರಂಗಪಟ್ಟಣದ ಪರಂಗಿ ಗೋರಿಗಳ ಕತೆ

(ಕಾಲೇಜೊಂದರ ಇತಿಹಾಸ ಸಂಘದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶ್ರೀರಂಗಪಟ್ಟಣ ನೋಡದವರು ಈ ಹಾಲ್‌ನಲ್ಲಿ ಯಾರೂ ಇರಲಿಕ್ಕಿಲ್ಲ. ರಂಗನಾಥನ ದರ್ಶನ, ದರಿಯಾ ದೌಲತ್, ಗುಂಬಜ್, ಸಂಗಮದಲ್ಲಿ ಒಂದು ಮುಳುಗು. ಅಲ್ಲಿಗೆ ಪ್ರವಾಸ ಮುಗಿಯಿತು, ಊಟಕ್ಕೆ ಮೈಸೂರು. ನಾನು ಇವತ್ತು ಹೇಳಹೊರಟಿರುವುದು ಆ ಪಟ್ಟಿಯಲ್ಲಿ ಇಲ್ಲದ ಜಾಗದ ಬಗ್ಗೆ. ಮೈಸೂರು ರಸ್ತೆಯಿಂದ ಕೂಗಳತೆ ದೂರದಲ್ಲಿ, ಕಾವೇರಿ ದಂಡೆಯ ಹತ್ತಿರ ಒಂದು ಹಳೇ ಸ್ಮಶಾನ ಇದೆ. ಗ್ಯಾರಿಸನ್ ಸ್ಮಶಾನ, ಅಂದರೆ ಕಾವಲು ಪಡೆಯ ಸ್ಮಶಾನ, ಅಂತ ಹೆಸರು. ಇಟ್ಟಿಗೆಯಲ್ಲಿ ಕಟ್ಟಿ ಗಾರೆ ಬಳಿದ ಗೋರಿಗಳು. ಕೆಲವು ಮೊಳಕಾಲೆತ್ತರದ ಪೆಟ್ಟಿಗೆ ಥರ, ಕೆಲವು ಚೂಪುಗಂಬ, ಕೆಲವು ಪಿರಮಿಡ್ಡಿನ ಹಾಗೆ. ಎಲ್ಲ ಸೇರಿ ಮುನ್ನೂರರ ಆಸುಪಾಸು. ಹೆಸರು ಕೊರೆದ ಕಲ್ಲು ಉಳಿದಿರುವುದು ಕೆಲವಕ್ಕೆ ಮಾತ್ರ. ಉಳಿದವುಗಳಲ್ಲಿ ಕಲ್ಲು ಕೂತಿದ್ದ ಗೂಡು ಇದೆ, ಕಲ್ಲು ಇಲ್ಲ.

ಇಲ್ಲಿ ಮಲಗಿರುವವರು ಯಾರು ಅಂತ ಕೇಳಿದರೆ ಗೈಡುಗಳು ಒಂದೇ ಸಾಲಿನಲ್ಲಿ ಉತ್ತರ ಕೊಡುತ್ತಾರೆ: ಟಿಪ್ಪು ಮೇಲಿನ ಯುದ್ಧದಲ್ಲಿ ಸತ್ತ ಬ್ರಿಟಿಷರು ಸಾರ್. ಕೇಳಿದವರೂ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಯುದ್ಧ ನಡೆದ ಊರು, ಗೋರಿ ಇದೆ, ಲೆಕ್ಕ ಸರಿಹೋಯಿತಲ್ವಾ?

ಸರಿಹೋಗುವುದಿಲ್ಲ. ಕೋಟೆ ಬಿದ್ದದ್ದು 1799ರ ಮೇ 4ರ ಮಧ್ಯಾಹ್ನ. ಸುಮಾರು ಒಂದು ಗಂಟೆಗೆ ಬೇರ್ಡ್ ಎಂಬ ಸೇನಾಧಿಕಾರಿ ತನ್ನ ಪಡೆಯನ್ನು ನೀರು ಕಡಿಮೆಯಾಗಿದ್ದ ಕಾವೇರಿಗೆ ಇಳಿಸಿದ. ಸಂಜೆಯೊಳಗೆ ಎಲ್ಲ ಮುಗಿದಿತ್ತು. ಈ ಸ್ಮಶಾನ ಶುರುವಾದದ್ದು 1800ರ ಸುಮಾರಿಗೆ. ಬೇಸಿಗೆಯಲ್ಲಿ ಸತ್ತವನ ಹೆಣವನ್ನು ವರ್ಷಗಟ್ಟಲೆ ಯಾರೂ ಇಟ್ಟುಕೊಂಡು ಕೂರುವುದಿಲ್ಲ. ಆ ಯುದ್ಧದ ಅಧಿಕಾರಿಗಳಿಗೆ ಇಲ್ಲಿ ಗೋರಿಗಳಿವೆ ಎನ್ನುವುದು ನಿಜ. ಆದರೆ ಓದಲು ಸಿಗುವ ಕಲ್ಲುಗಳ ಇಸವಿ ನೋಡಿ. 1800ರ ನಂತರದವು ಒಂದರ ಹಿಂದೆ ಒಂದು ಬರುತ್ತವೆ. ಹೆಂಗಸರ ಹೆಸರು ಬರುತ್ತವೆ, ಕೂಸುಗಳ ಹೆಸರು ಬರುತ್ತವೆ. ಕೂಸುಗಳು ಯಾವ ಕೋಟೆಗೆ ಏಣಿ ಹಾಕಿದ್ದವು?

ನಾನು ಇದನ್ನು ಗೆದ್ದ ಮೇಲೆ ಸತ್ತವರ ಸ್ಮಶಾನ ಅಂತ ಕರೆಯುತ್ತೇನೆ. ಗುಂಡಿಗೆ ಬಲಿಯಾದವರಿಗಿಂತ ಜ್ವರ, ಭೇದಿ, ಹೆರಿಗೆಗಳಿಗೆ ಬಲಿಯಾದವರೇ ಜಾಸ್ತಿ. ಶ್ರೀರಂಗಪಟ್ಟಣ ನದಿಯ ನಡುವಿನ ದ್ವೀಪ. ಸುತ್ತ ನೀರು, ಕಂದಕ, ನಾಲೆ, ಗದ್ದೆ. ಮಳೆ ಬಿದ್ದು ನಿಂತರೆ ಚಳಿಜ್ವರ ಗ್ಯಾರಂಟಿ. ಸೊಳ್ಳೆಗೂ ಆ ಜ್ವರಕ್ಕೂ ಸಂಬಂಧ ಇದೆ ಅಂತ ಗೊತ್ತಾಗಲು ಇನ್ನೂ ನೂರು ವರ್ಷ ಬೇಕಿತ್ತು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ಅದನ್ನು ಕಂಡದ್ದು 1897ರಲ್ಲಿ. 1800ರ ಡಾಕ್ಟರುಗಳು ಕೆಟ್ಟ ಗಾಳಿಯನ್ನು ಬೈಯುತ್ತಿದ್ದರು, ರೋಗಿಯ ರಕ್ತ ಇಳಿಸುತ್ತಿದ್ದರು. ಅದರಿಂದಲೇ ಹೋದವರು ಎಷ್ಟೋ.

ಆಗ ಇಲ್ಲಿನ ಸೈನ್ಯದ ಯಜಮಾನಿಕೆ ಆರ್ಥರ್ ವೆಲ್ಲೆಸ್ಲಿಯದು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿ ಹೆಸರು ಮಾಡಿದವನು. ದರಿಯಾ ದೌಲತ್ತೇ ಅವನ ಮನೆ. 1801ರಲ್ಲಿ ಈಜಿಪ್ಟಿಗೆ ಹೊರಟ ಸೈನ್ಯದ ಜೊತೆ ಅವನೂ ಹೋಗಬೇಕಿತ್ತು. ಬೊಂಬಾಯಿಯಲ್ಲಿ ಜ್ವರ ಬಂತು, ಮೇಲೆ ಮೈತುಂಬ ತುರಿಕೆ. ಹೊರಡಲಾಗಲಿಲ್ಲ. ಅವನು ಹತ್ತಬೇಕಿದ್ದ ಹಡಗು ದಾರಿಯಲ್ಲಿ ಮುಳುಗಿ, ಅದರಲ್ಲಿದ್ದವರೆಲ್ಲ ಸತ್ತರು. ಅವನು ಸುಧಾರಿಸಿಕೊಂಡು ಮತ್ತೆ ಶ್ರೀರಂಗಪಟ್ಟಣಕ್ಕೆ ಬಂದ. ಒಬ್ಬನನ್ನು ಜ್ವರವೇ ಉಳಿಸಿತು. ಅವನ ಕೈಕೆಳಗಿದ್ದವರಲ್ಲಿ ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ.

ಕಡೆಗೆ 1809ರಲ್ಲಿ ಕುಂಪಣಿ ಸರ್ಕಾರ ಕೈಚೆಲ್ಲಿತು. ಸೈನ್ಯವನ್ನು ಇಲ್ಲಿಂದ ಎಬ್ಬಿಸಿ ಬೆಂಗಳೂರಿಗೆ ಕಳಿಸಿತು. ಬೆಂಗಳೂರು ದಂಡು ಹುಟ್ಟಿದ್ದು ಹಾಗೆ. ಇವತ್ತಿನ ಎಂ.ಜಿ. ರಸ್ತೆ, ಕಮರ್ಷಿಯಲ್ ಸ್ಟ್ರೀಟ್, ಫ್ರೇಜರ್ ಟೌನ್ ಎಲ್ಲದರ ಹಿಂದೆ ಶ್ರೀರಂಗಪಟ್ಟಣದ ಸೊಳ್ಳೆಯ ಪಾಲು ಇದೆ ಅಂದರೆ ನಗಬೇಡಿ. ಈ ಕಡೆ ಪಟ್ಟಣ ಸೊರಗಿತು. 1800ರಲ್ಲಿ ಕುಂಪಣಿಯ ಪರವಾಗಿ ನಾಡು ಸುತ್ತಿ ವರದಿ ಬರೆದ ಬುಕಾನನ್ ಬಂದು ಎಣಿಸಿದಾಗ ಸುಮಾರು 32 ಸಾವಿರ ಜನ ಇದ್ದರು. ಟಿಪ್ಪು ಕಾಲಕ್ಕೆ ಹೋಲಿಸಿದರೆ ಅದೇ ಬಹಳ ಕಡಿಮೆ. 1901ರ ಜನಗಣತಿಯ ಹೊತ್ತಿಗೆ ಉಳಿದವರು ಎಂಟೂವರೆ ಸಾವಿರದಷ್ಟು.

ಈಗ ಗೋರಿಗಳಿಗೆ ಬರೋಣ. ಬ್ರಿಟಿಷರ ಗೋರಿ ಇರುವುದು ಆಶ್ಚರ್ಯವಲ್ಲ. ಇಲ್ಲಿ ಸ್ವಿಟ್ಜರ್ಲೆಂಡ್ ಕಡೆಯವರ ಗೋರಿಗಳಿವೆ! ಸಮುದ್ರವೇ ಇಲ್ಲದ, ಒಂದು ವಸಾಹತೂ ಇಲ್ಲದ ಬೆಟ್ಟದ ನಾಡಿನವರು ಕಾವೇರಿ ದಂಡೆಯಲ್ಲಿ ಬಂದು ಯಾಕೆ ಸತ್ತರು?

ಅದಕ್ಕೆ ಉತ್ತರ ಡಿ ಮ್ಯೂರನ್ ಎಂಬ ರೆಜಿಮೆಂಟು. ನ್ಯೂಶಾಟೆಲ್ ಅಂತ ಒಂದು ಪುಟ್ಟ ಸೀಮೆ. ಇವತ್ತು ಸ್ವಿಟ್ಜರ್ಲೆಂಡಿನ ಭಾಗ, ಆಗ ಪ್ರಷ್ಯದ ರಾಜನ ಕೈಯಲ್ಲಿತ್ತು. ಜಮೀನು ಕಡಿಮೆ, ಚಳಿ ಜಾಸ್ತಿ, ಮನೆ ತುಂಬ ಗಂಡುಮಕ್ಕಳು. ನಮ್ಮವರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ಹಾಗೆ ಅವರು ಹೊರನಾಡಿನ ರಾಜರ ಬಳಿ ಸಿಪಾಯಿಗಳಾಗಿ ಹೋಗುತ್ತಿದ್ದರು. ಇದು ಮಾನದ ಕೆಲಸ, ಒಂದು ಕಸುಬು. ಅಲ್ಲಿನ ಶಾರ್ಲ್ ಡಾನಿಯೆಲ್ ಡಿ ಮ್ಯೂರನ್ ಎಂಬವನು 1781ರಲ್ಲಿ ಒಂದು ರೆಜಿಮೆಂಟು ಕಟ್ಟಿ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಬಾಡಿಗೆಗೆ ಕೊಟ್ಟ. ಹೌದು, ಬಾಡಿಗೆಗೆ. ರೆಜಿಮೆಂಟಿಗೆ ಒಬ್ಬ ಒಡೆಯ, ತಿಂಗಳಿಗೆ ಇಷ್ಟು ಅಂತ ಕರಾರು, ಸತ್ತವನ ಜಾಗಕ್ಕೆ ಹೊಸಬನನ್ನು ಒದಗಿಸುವ ಹೊಣೆ ಒಡೆಯನದು. ಅಧಿಕಾರಿಗಳು ಹೆಚ್ಚಾಗಿ ಅವನ ಊರಿನವರು, ಅವನ ನೆಂಟರು. ಸಿಪಾಯಿಗಳಲ್ಲಿ ಜರ್ಮನರೂ ಇದ್ದರು, ಬೇರೆ ಬೇರೆ ಕಡೆಯವರೂ ಇದ್ದರು. ಈ ಪಡೆ ಮೊದಲು ಆಫ್ರಿಕದ ಕೇಪ್‌ಗೆ ಹೋಯಿತು, ಅಲ್ಲಿಂದ ಸಿಂಹಳಕ್ಕೆ ಬಂತು. ಸಿಂಹಳದ ಕರಾವಳಿ ಆಗ ಡಚ್ಚರದು.

1795ರಲ್ಲಿ ಫ್ರೆಂಚರು ಹಾಲೆಂಡನ್ನು ನುಂಗಿದರು. ಅಲ್ಲಿನ ದೊರೆ ಇಂಗ್ಲೆಂಡಿಗೆ ಓಡಿಹೋದ. ಡಚ್ ಕಂಪನಿ ಈ ರೆಜಿಮೆಂಟಿಗೆ ಸಾಕಷ್ಟು ಬಾಕಿ ಉಳಿಸಿಕೊಂಡಿತ್ತು. ಇದರ ವಾಸನೆ ಹಿಡಿದವನು ಹ್ಯೂ ಕ್ಲೆಗ್ಹಾರ್ನ್, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಇತಿಹಾಸದ ಪ್ರಾಧ್ಯಾಪಕ. ಇಲ್ಲಿ ಕೂತಿರುವ ಇತಿಹಾಸದ ಮೇಷ್ಟ್ರುಗಳು ಗಮನಿಸಿ, ಪಾಠ ಬಿಟ್ಟು ಗೂಢಚಾರಿಕೆಗೆ ಇಳಿದ ಸಹೋದ್ಯೋಗಿ ಇವನು. ಬ್ರಿಟಿಷ್ ಸರ್ಕಾರದ ಪರವಾಗಿ ನೇರ ನ್ಯೂಶಾಟೆಲ್‌ಗೆ ಹೋಗಿ ಒಡೆಯನ ಮುಂದೆ ಕೂತ. ರೆಜಿಮೆಂಟು ನಮ್ಮ ಕಡೆ ಬರಲಿ, ಬಾಕಿ ನಾವು ಕೊಡುತ್ತೇವೆ ಅಂದ. 1795ರ ಮಾರ್ಚ್ 30ಕ್ಕೆ ಕರಾರಿಗೆ ಸಹಿ ಬಿತ್ತು. ನ್ಯೂಶಾಟೆಲ್‌ನ ಚಳಿಯಲ್ಲಿ ಒತ್ತಿದ ಸಹಿ ಕೊಲಂಬೊ ಕೋಟೆಯ ಹಣೆಬರಹ ಬದಲಿಸಿತು.

ಆಮೇಲೆ ಇಬ್ಬರೂ ಸೇರಿ ವೆನಿಸ್, ಈಜಿಪ್ಟ್, ಕೆಂಪು ಸಮುದ್ರದ ದಾರಿ ಹಿಡಿದು ಭಾರತಕ್ಕೆ ಬಂದರು. ಕೊಲಂಬೊ ಕೋಟೆಯೊಳಗೆ ಪಡೆಯ ಉಸ್ತುವಾರಿ ಒಡೆಯನ ತಮ್ಮ ಪಿಯರ್ ಫ್ರೆಡರಿಕ್‌ದು. ಅವನಿಗೆ ಸುದ್ದಿ ಮುಟ್ಟಬೇಕು, ಡಚ್ಚರಿಗೆ ಗೊತ್ತಾಗಬಾರದು. ಕಾಗದವನ್ನು ಚೀಸ್ ಗಡ್ಡೆಯೊಳಗೆ ತುರುಕಿ ಕಳಿಸಿದರಂತೆ. ಚೀಸ್ ಕತೆಗೆ ಎಷ್ಟು ಮಸಾಲೆ ಬೆರೆತಿದೆಯೋ, ರೆಜಿಮೆಂಟು ಪಕ್ಷ ಬದಲಿಸಿದ್ದಂತೂ ಸತ್ಯ. 1796ರ ಫೆಬ್ರವರಿಯಲ್ಲಿ ಕೊಲಂಬೊ ಬ್ರಿಟಿಷರ ವಶವಾಯಿತು. ಕ್ಲೆಗ್ಹಾರ್ನ್‌ಗೆ ಸಿಂಹಳ ಸರ್ಕಾರದಲ್ಲಿ ಕಾರ್ಯದರ್ಶಿಯ ಹುದ್ದೆ ಸಿಕ್ಕಿತು.

ಇಲ್ಲೊಂದು ಅಡ್ಡಮಾತು. ಈ ಮೇಷ್ಟ್ರ ಮೊಮ್ಮಗನ ಹೆಸರೂ ಹ್ಯೂ ಕ್ಲೆಗ್ಹಾರ್ನ್. ಮದರಾಸಿನಲ್ಲಿ 1820ರಲ್ಲಿ ಹುಟ್ಟಿದವನು, ಓದಿದ್ದು ವೈದ್ಯಕೀಯ. ಕೆಲಸಕ್ಕೆ ಬಂದದ್ದು ನಮ್ಮ ಶಿವಮೊಗ್ಗಕ್ಕೆ. ಮಲೆನಾಡಿನ ಗಿಡಮರ ನೋಡುತ್ತಾ ನೋಡುತ್ತಾ ಕಾಡಿನ ಹುಚ್ಚು ಹಿಡಿಸಿಕೊಂಡ. 1856ರಲ್ಲಿ ಮದರಾಸು ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ. ಅಜ್ಜ ಕೊಂಡು ತಂದ ಸಿಪಾಯಿಗಳು ಶ್ರೀರಂಗಪಟ್ಟಣದಲ್ಲಿ, ಮೊಮ್ಮಗ ಶಿವಮೊಗ್ಗದ ಕಾಡಿನಲ್ಲಿ. ಒಂದೇ ಮನೆತನ ಎರಡು ಸಲ ಕನ್ನಡನಾಡಿಗೆ ತಗುಲಿಕೊಂಡಿದೆ.

ಸರಿ, ಪಡೆ ಬ್ರಿಟಿಷರದಾಯಿತು. 1799ರಲ್ಲಿ ಟಿಪ್ಪು ಮೇಲೆ ಹೊರಟ ಸೈನ್ಯದಲ್ಲಿ ಅದೂ ಇತ್ತು. ಮೇ 4ರಂದು ಅದರ ಕೆಲವು ತುಕಡಿಗಳು ಕೋಟೆ ಹತ್ತಿದವು. ಕೋಟೆ ಬಿದ್ದ ಮೇಲೆ ಪಟ್ಟಣದ ಕಾವಲಿಗೂ ಈ ಪಡೆಯೇ ನಿಂತಿತು. ಸ್ಮಶಾನದ ಆ ಗೋರಿಗಳು ಆ ಕಾವಲಿನ ಕಾಲದವು. ಯೋಚಿಸಿ ನೋಡಿ. ನ್ಯೂಶಾಟೆಲ್ ಸರೋವರದ ದಂಡೆಯ ಹುಡುಗ. ಡಚ್ಚರಿಗೆ ಅಂತ ಸಹಿ ಹಾಕಿ ಬಂದ. ಮಧ್ಯದಲ್ಲಿ ಯಜಮಾನ ಬದಲಾದ. ಯಾರ ಮೇಲೆ ಸಿಟ್ಟಿತ್ತು ಅವನಿಗೆ? ಟಿಪ್ಪು ಅವನಿಗೆ ಏನು ಮಾಡಿದ್ದ? ಕಲ್ಲಿನ ಮೇಲೆ ಮಾತ್ರ ಶೌರ್ಯ, ಕರ್ತವ್ಯ, ಗೆಳೆಯರ ದುಃಖ ಅಂತ ಬರೆದಿರುತ್ತದೆ. ಗೋರಿಕಲ್ಲಿನಲ್ಲಿ ಸಂಬಳದ ಬಾಕಿ ಬರೆಯುವ ಪದ್ಧತಿ ಇಲ್ಲ ನೋಡಿ.

1806ರಲ್ಲಿ ಈ ರೆಜಿಮೆಂಟು ಭಾರತ ಬಿಟ್ಟಿತು. ಅದೇ ವರ್ಷ ಅದನ್ನು ಕಟ್ಟಿದ ಒಡೆಯನೂ ನ್ಯೂಶಾಟೆಲ್‌ನಲ್ಲಿ ತೀರಿಕೊಂಡ. ಅವನು ದೇಶದೇಶಗಳಿಂದ ಕೂಡಿಹಾಕಿದ್ದ ಅಪರೂಪದ ವಸ್ತುಗಳು ಇವತ್ತು ಆ ಊರಿನ ಮ್ಯೂಸಿಯಮ್ಮಿನ ಬುನಾದಿ. ಪಡೆ ಮೆಡಿಟರೇನಿಯನ್ ಕಡೆ ಹೋಯಿತು, 1813ರಲ್ಲಿ ಕೆನಡಾಕ್ಕೆ. 1816ರಲ್ಲಿ ವಿಸರ್ಜನೆಯಾಯಿತು. ಕೆಲಸ ಹೋದ ಸುಮಾರು ನೂರು ಮಂದಿಯನ್ನು ಲಾರ್ಡ್ ಸೆಲ್ಕರ್ಕ್ ಎಂಬ ಸ್ಕಾಟ್ಲೆಂಡಿನ ಸಿರಿವಂತ ಬಾಡಿಗೆಗೆ ಹಿಡಿದು ಕೆಂಪು ನದಿಯ ಕಡೆ ಕರೆದುಕೊಂಡು ಹೋದ. ಇವತ್ತಿನ ವಿನ್ನಿಪೆಗ್ ನಗರ ಇರುವ ಜಾಗ ಅದು. ಅಲ್ಲಿ ಡೆ ಮ್ಯೂರನ್ ಹೆಸರಿನ ಬೀದಿ ಈಗಲೂ ಇದೆ. ಆ ಹೊತ್ತಿಗೆ ಪಡೆಗೆ ಹೊಸಬರು ಬಹಳ ಸೇರಿದ್ದರು. ಶ್ರೀರಂಗಪಟ್ಟಣ ಕಂಡವರೇ ಅಲ್ಲಿ ನೆಲೆಸಿದರು ಅಂತ ಎದೆತಟ್ಟಿ ಹೇಳಬೇಡಿ. ಹೆಸರು ಮಾತ್ರ ಅದೇ. ವಿನ್ನಿಪೆಗ್‌ನಲ್ಲಿ ನೌಕರಿ ಮಾಡುವ ನಮ್ಮ ಕನ್ನಡದ ಹುಡುಗರು ಆ ಬೀದಿಯಲ್ಲಿ ಓಡಾಡುವಾಗ ಒಂದು ಕ್ಷಣ ಮಂಡ್ಯ ಜಿಲ್ಲೆಯನ್ನು ನೆನೆಯಬಹುದು.

ಇನ್ನು ಎಲ್ಲರಿಗೂ ಇಷ್ಟವಾದ ಕತೆ. ಸ್ಕಾಟ್ ಬಂಗಲೆ. ಕೋಟೆಯ ಮೈಸೂರು ಬಾಗಿಲಿನಿಂದ ಸ್ವಲ್ಪ ದೂರದಲ್ಲಿ, ಹೊಳೆಗೆ ಮುಖ ಮಾಡಿ ನಿಂತಿರುವ ಹಳೇ ಮನೆ. ಇಲ್ಲಿ ಫಿರಂಗಿ ಗಾಡಿಗಳನ್ನು ಮಾಡುವ ಕಾರ್ಖಾನೆ ಇತ್ತು. ಅದರ ಮೇಲಧಿಕಾರಿ ಕರ್ನಲ್ ಸ್ಕಾಟ್. ಒಂದು ದಿನ ಕೆಲಸದ ಮೇಲೆ ಹೊರಗೆ ಹೋಗಿ ಬರುವಷ್ಟರಲ್ಲಿ ಹೆಂಡತಿ, ಹೆಣ್ಣುಮಕ್ಕಳಿಬ್ಬರೂ ಕಾಲರಾದಿಂದ ಸತ್ತು ಮಲಗಿದ್ದರಂತೆ. ದೊರೆ ತಲೆ ಕೆಟ್ಟು ಹೊಳೆಗಿಳಿದನಂತೆ. ಹೆಣವೂ ಸಿಗಲಿಲ್ಲವಂತೆ. ಮಹಾರಾಜರು ಆ ಮನೆಯ ಮೇಜು, ಕುರ್ಚಿ, ಪಿಯಾನೊ ಒಂದನ್ನೂ ಕದಲಿಸಬೇಡಿ ಅಂತ ಅಪ್ಪಣೆ ಮಾಡಿದರಂತೆ. ಆಮೇಲೆ ಇಂಗ್ಲಿಷ್ ಅಧಿಕಾರಿಯೊಬ್ಬ ಈ ಪಾಳುಮನೆಯ ಮೇಲೆ ಪದ್ಯ ಕಟ್ಟಿದ. ಕತೆ ಗಟ್ಟಿಯಾಗಿ ಕೂತುಬಿಟ್ಟಿತು.

ಸ್ಮಶಾನದಲ್ಲಿರುವ ಸ್ಕಾಟ್‌ನ ಹೆಂಡತಿಯ ಗೋರಿಯನ್ನು ಈ ಕತೆಯ ಪಕ್ಕಕ್ಕೆ ಇಡಿ. ಹೆಸರು ಕ್ಯಾರೊಲಿನ್ ಇಸಾಬೆಲ್ಲಾ ಸ್ಕಾಟ್. ತೀರಿಕೊಂಡದ್ದು 1817ರಲ್ಲಿ, ಹೆರಿಗೆಯಲ್ಲಿ. ಕಾಲರಾ ಅಲ್ಲ. ಇಸವಿಯೂ ಅದನ್ನೇ ಹೇಳುತ್ತದೆ. ಕಾಲರಾದ ಆ ಮೊದಲ ಮಹಾಮಾರಿ ಬಂಗಾಳದ ಜೆಸ್ಸೋರಿನಲ್ಲಿ ಎದ್ದದ್ದು 1817ರ ಆಗಸ್ಟ್‌ನಲ್ಲಿ. ಅದು ಊರಿಂದೂರಿಗೆ ಹಬ್ಬಿ ನಮ್ಮ ದಕ್ಷಿಣಕ್ಕೆ ಇಳಿದದ್ದು 1818ರಲ್ಲಿ. ಆಮೇಲಿನ ನೂರು ವರ್ಷ ಈ ಕಡೆ ಕಾಲರಾ ಕಾಣದ ಮನೆ ಕಡಿಮೆ. ನಮ್ಮ ಹಳ್ಳಿಗಳಲ್ಲಿ ಮಾರಮ್ಮನಿಗೆ ಹರಕೆ ಹೊತ್ತ ಕಾಲ ಅದು. ಒಂದೇ ದಿನ ಮನೆಮಂದಿಯೆಲ್ಲ ಸತ್ತರು ಅಂದರೆ ಕಾಲರಾ ಅಂತಲೇ ಎಲ್ಲರೂ ತಿಳಿದುಕೊಳ್ಳುತ್ತಿದ್ದರು. ಹಾಗೆ, ಹೇಳುವವರ ಅನುಭವ ಕತೆಯೊಳಗೆ ಸೇರಿಕೊಂಡಿತು ಅಂತ ನನ್ನ ಎಣಿಕೆ. ಇನ್ನು ಹೊಳೆಗೆ ಹಾರಿದ್ದು. ಹೆಣ ಸಿಗಲಿಲ್ಲ ಅಂತ ಕತೆಯೇ ಹೇಳುತ್ತದೆ. ಕುಂಪಣಿಯ ಅಧಿಕಾರಿಗಳು ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೋಗುವುದು ಮಾಮೂಲು. ಊರಿನವರ ಕಣ್ಣಿಗೆ ದೊರೆ ಕಾಣೆ, ಅಷ್ಟೇ.

ನನಗೆ ಕೇಳಿದರೆ ನಿಜವಾದ ಸಾವೇ ಹೆಚ್ಚು ಮನಸ್ಸಿಗೆ ತಟ್ಟುತ್ತದೆ. ಕಾಲರಾ, ಪಿಯಾನೊ, ಹೊಳೆ ಎಲ್ಲ ನಾಟಕದ ಸಾಮಾನು. ಬಾಣಂತಿ ಸಾವು ಆ ಕಾಲದಲ್ಲಿ ದೊರೆಸಾನಿಗೂ ತಪ್ಪಿರಲಿಲ್ಲ, ಪಕ್ಕದ ಗಂಜಾಮಿನ ನೇಕಾರನ ಹೆಂಡತಿಗೂ ತಪ್ಪಿರಲಿಲ್ಲ. ದೊರೆಸಾನಿಗೆ ಕಲ್ಲು ಸಿಕ್ಕಿತು.

ಕಲ್ಲು ಸಿಗದವರ ಲೆಕ್ಕವನ್ನೂ ಇಡಬೇಕಲ್ವಾ? ಮೇ 4ರಂದು ಕೋಟೆಯೊಳಗೆ ಟಿಪ್ಪುವಿನ ಸಿಪಾಯಿಗಳು ಸಾವಿರಗಟ್ಟಲೆ ಸತ್ತರು. ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಬ್ರಿಟಿಷ್ ಪಡೆಯಲ್ಲಿದ್ದ ತಮಿಳು, ತೆಲುಗು ಸಿಪಾಯಿಗಳಿಗೂ ಇಲ್ಲಿ ಜಾಗ ಇಲ್ಲ. ಬಿಳಿಯ ಸಿಪಾಯಿಗಳಲ್ಲೂ ಬಡವನಿಗೆ ಕಲ್ಲು ಇಲ್ಲ, ಮಣ್ಣಿನ ದಿಬ್ಬ ಮಾತ್ರ. ಗೋರಿ ಕಟ್ಟಿಸಲು ಇಟ್ಟಿಗೆ ಬೇಕು, ಗಾರೆ ಬೇಕು, ಇಂಗ್ಲಿಷ್ ಅಕ್ಷರ ಕೊರೆಯುವವನು ಬೇಕು. ದುಡ್ಡಿನ ಕೆಲಸ. ಗುಂಬಜ್ ತೋಟದಲ್ಲಿ ಬೈಲಿ ಎಂಬ ಬ್ರಿಟಿಷ್ ಸೇನಾಧಿಕಾರಿಯ ಸ್ಮಾರಕ ನೋಡಿದ್ದೀರಿ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೋತು ಸೆರೆ ಸಿಕ್ಕವನು, 1782ರಲ್ಲಿ ಇಲ್ಲೇ ಸೆರೆಯಲ್ಲಿ ಸತ್ತ. ಸ್ಮಾರಕ ಎದ್ದದ್ದು 1816ರಲ್ಲಿ. ಕಟ್ಟಿಸಿದವನು ಅವನ ಸಂಬಂಧಿಕ, ಲಖನೌದಲ್ಲಿ ರೆಸಿಡೆಂಟ್, ಅಂದರೆ ನವಾಬನ ಬಳಿ ಕುಂಪಣಿಯ ಪ್ರತಿನಿಧಿ, ಆಗಿದ್ದವನು. ಕೈಯಲ್ಲಿ ಕಾಸಿರುವ ನೆಂಟನೊಬ್ಬ ಇದ್ದರೆ 34 ವರ್ಷದ ನಂತರವೂ ನೆನಪು ಕಟ್ಟಡವಾಗುತ್ತದೆ.

ಈಗ ಪ್ರಶ್ನೆಗಳು.

ಒಬ್ಬರು ಕೇಳಿದರು: ನಮ್ಮನ್ನು ಆಳಿದವರ ಗೋರಿಗಳನ್ನು ನಾವೇಕೆ ಕಾಪಾಡಬೇಕು ಸಾರ್?

ಅವರಿಗಾಗಿ ಅಲ್ಲ, ನಮ್ಮ ಲೆಕ್ಕಕ್ಕಾಗಿ. ಕ್ಯಾರೊಲಿನ್ ಗೋರಿಯ ಕಲ್ಲನ್ನು ಯಾರೋ ಅಂಗಳಕ್ಕೆ ಹಾಸಿಕೊಂಡಿದ್ದರೆ ಕಾಲರಾ ಕತೆಯೇ ಕೊನೆಗೆ ಇತಿಹಾಸ ಅನ್ನಿಸಿಕೊಳ್ಳುತ್ತಿತ್ತು. ಶ್ರೀರಂಗಪಟ್ಟಣದ ಗೋರಿಗಳ ದುರಸ್ತಿಗೆ ಈ ಶತಮಾನದಲ್ಲಿ ಡಿ ಮ್ಯೂರನ್ ವಂಶದವರೇ ಕೈಹಾಕಿದರು. ಅದಕ್ಕೆ ಮೊದಲು ಅಲ್ಲಿ ಮುಳ್ಳುಗಂಟಿ ಬೆಳೆದಿತ್ತು.

ಇನ್ನೊಬ್ಬರು: ಸ್ಕಾಟ್ ಬಂಗಲೆಯಲ್ಲಿ ದೆವ್ವ ಇದೆಯಂತೆ, ಹೌದಾ?

ಬಾವಲಿ ಇದೆ. ಅದು ಸಾಕು.

ಕೊನೆಗೆ ಒಬ್ಬ ಹುಡುಗಿ ಕೇಳಿದಳು: ನಮ್ಮೂರಲ್ಲೂ ಇಂಥ ಗೋರಿ ಇದೆ. ಅದು ಯಾರದು ಅಂತ ಪತ್ತೆ ಮಾಡುವುದು ಹೇಗೆ?

ಒಳ್ಳೇ ಪ್ರಶ್ನೆ ಮಗಳೇ. ಮೊದಲು ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗು. ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಅಕ್ಷರದ ಅಂಚಿಗೆ ನೆರಳು ಬರುತ್ತದೆ. ನಡುಮಧ್ಯಾಹ್ನ ಕಾಣದ್ದು ಆಗ ಕಾಣುತ್ತದೆ. ನೆರಳಿನಲ್ಲಿರುವ ಕಲ್ಲಾದರೆ ಪಕ್ಕದಿಂದ ಕನ್ನಡಿಯಲ್ಲಿ ಬಿಸಿಲು ಬಿಡು. ತಂತಿ ಬ್ರಷ್ ಬೇಡ, ಆಸಿಡ್ ಬೇಡ, ಸೀಮೆಸುಣ್ಣ ತೀಡುವುದೂ ಬೇಡ. ಬಿರುಕು ಕಂಡರೆ ಸಿಮೆಂಟ್ ಮೆತ್ತಲು ಬಿಡಬೇಡ. ಗಾರೆಯ ಗೋಡೆ ಉಸಿರಾಡುತ್ತದೆ, ಸಿಮೆಂಟ್ ನೀರನ್ನು ಒಳಗೇ ಹಿಡಿದಿಟ್ಟು ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಹೆಸರು, ರೆಜಿಮೆಂಟು, ತಾರೀಖು ಮೂರನ್ನೂ ಇದ್ದ ಹಾಗೇ ಬರೆದುಕೋ. ತಪ್ಪು ಸ್ಪೆಲ್ಲಿಂಗ್ ಇದ್ದರೂ ತಿದ್ದಬೇಡ. ಮದರಾಸು ಪ್ರಾಂತ್ಯದ ಪಾದ್ರಿಗಳು ಹುಟ್ಟು, ಮದುವೆ, ಸಾವಿನ ಲೆಕ್ಕವನ್ನು ಲಂಡನ್ನಿಗೆ ಕಳಿಸುತ್ತಿದ್ದರು. ಆ ಪುಸ್ತಕಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮದರಾಸಿನವಕ್ಕೆ ಎನ್/2 ಅಂತ ಗುರುತು. ದಕ್ಷಿಣ ಏಷ್ಯಾದ ಸ್ಮಶಾನಗಳಿಗೆಂದೇ 1976ರಲ್ಲಿ ಶುರುವಾದ ಬ್ರಿಟಿಷ್ ಸಂಘವೊಂದಿದೆ, ಅವರ ಬಳಿಯೂ ಪಟ್ಟಿಗಳಿವೆ. ಊರಿನ ಅಜ್ಜಂದಿರು ಹೇಳುವ ಕತೆಯನ್ನೂ ಬರೆದುಕೋ. ಅದನ್ನು ಬೇರೆ ಹಾಳೆಯಲ್ಲಿ ಇಡು, ಕಲ್ಲಿನ ಮಾತಿನ ಜೊತೆ ಬೆರೆಸಬೇಡ.

ನಿನ್ನ ಊರು ಪಾಂಡವಪುರ ಅಂದೆಯಲ್ವಾ? ಬ್ರಿಟಿಷರು ಅದನ್ನು ಫ್ರೆಂಚ್ ರಾಕ್ಸ್ ಅನ್ನುತ್ತಿದ್ದರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಪಡೆ ಬೀಡು ಬಿಟ್ಟಿದ್ದ ಜಾಗ. ಹೆಸರು ನೋಡಿ ಫ್ರೆಂಚರ ಗೋರಿ ಅಂತ ಮೊದಲೇ ತೀರ್ಮಾನ ಮಾಡಿಬಿಡಬೇಡ. ಇಸವಿ ಓದು. 1799ರ ಹಿಂದಿನದಾದರೆ ನನಗೂ ಫೋನ್ ಮಾಡು, ಇಬ್ಬರೂ ಸೇರಿ ನೋಡೋಣ.